ಜಂಟಿ ಸುಪರ್ದಿಯಲ್ಲಿರುವ ಮಗುವಿನ ಸ್ಥಳಾಂತರ

ಜಂಟಿ ಸುಪರ್ದಿಯಲ್ಲಿರುವ ಮಗುವಿನ ಸ್ಥಳಾಂತರ ಎಂದರೆ, ಬೇರ್ಪಟ್ಟ ಅಥವಾ ವಿಚ್ಛೇದನ ಪಡೆದ ತಂದೆತಾಯಿಗಳು ಹಂಚಿಕೊಂಡು ಬೆಳೆಸುತ್ತಿರುವ ಮಗುವನ್ನು ಅವರಲ್ಲೊಬ್ಬರು ಬೇರೆ ಊರಿಗೆ, ರಾಜ್ಯಕ್ಕೆ ಅಥವಾ ದೇಶಕ್ಕೆ ಕರೆದೊಯ್ದು ನೆಲೆಸುವುದು. ಉದ್ಯೋಗದ ವರ್ಗಾವಣೆ ಸಾಮಾನ್ಯವಾಗಿರುವ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮುಂತಾದ ಪ್ರದೇಶಗಳ ಕುಟುಂಬಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಇದಕ್ಕೆಂದೇ ರಚಿತವಾದ ಪ್ರತ್ಯೇಕ ಕಾನೂನು ಇಲ್ಲ. ನ್ಯಾಯಾಲಯಗಳು ಪ್ರತಿ ಪ್ರಕರಣವನ್ನೂ ಮಗುವಿನ ಕ್ಷೇಮದ ದೃಷ್ಟಿಯಿಂದ ನಿರ್ಧರಿಸುತ್ತವೆ.

ಕಾನೂನಿನ ಆಧಾರ

ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಅಧಿನಿಯಮ, 1956ರ 13ನೆಯ ಪ್ರಕರಣದಂತೆ ಮಗುವಿನ ಕ್ಷೇಮವೇ ಪರಮ ಪರಿಗಣನೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು 6ನೆಯ ಪ್ರಕರಣ ಹೇಳುತ್ತದೆ. ಎಲ್ಲ ಧರ್ಮದವರಿಗೂ ಅನ್ವಯಿಸುವ ಪಾಲಕರು ಮತ್ತು ಪಾಲ್ಯರ ಅಧಿನಿಯಮ, 1890ರ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಪಾಲಕತ್ವದ ಅರ್ಜಿ ಸಲ್ಲಬೇಕು. ತಿಳಿವಳಿಕೆಯ ವಯಸ್ಸು ತಲುಪಿದ ಮಗುವಿನ ಇಚ್ಛೆಯನ್ನೂ ನ್ಯಾಯಾಲಯ ಪರಿಗಣಿಸಬಹುದು. ನ್ಯಾಯಾಲಯ ನೇಮಿಸಿದ ಪಾಲಕರು ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಸಾಗಿಸುವಂತಿಲ್ಲವೆಂದು 26ನೆಯ ಪ್ರಕರಣ ನಿರ್ಬಂಧಿಸುತ್ತದೆ.

ಸುಪರ್ದಿಯ ಆದೇಶ ಶಾಶ್ವತವಲ್ಲ. ಪರಿಸ್ಥಿತಿ ಬದಲಾದರೆ ಅದನ್ನು ಮಾರ್ಪಡಿಸಲು ಕೋರಬಹುದು. ಭಾರತದ ಕಾನೂನು ಆಯೋಗವು 2015ರ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಕಾನೂನಿನಲ್ಲಿ ಸ್ಥಾನ ನೀಡುವಂತೆ ಶಿಫಾರಸು ಮಾಡಿತು.

ಸಮೀಪದ ಸ್ಥಳಾಂತರ

ಸ್ಥಳಾಂತರದ ಪರಿಣಾಮವನ್ನು ದೂರವೊಂದರಿಂದಲೇ ಅಳೆಯಲಾಗದು. ಪೀಣ್ಯ ಮತ್ತು ವೈಟ್‌ಫೀಲ್ಡ್ ಒಂದೇ ನಗರದಲ್ಲಿದ್ದರೂ ಎದುರುಬದುರು ತುದಿಗಳಲ್ಲಿವೆ. ವಾರದ ನಡುವಿನ ಸಂಜೆ ಭೇಟಿಗೆ ಅವಕಾಶವಿತ್ತ ಆದೇಶವನ್ನು ವಾಹನ ದಟ್ಟಣೆಯ ನಡುವೆ ಪಾಲಿಸುವುದು ಕಷ್ಟವಾಗಬಹುದು. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರು ತಮಿಳುನಾಡಿಗೆ ಸೇರಿದೆ. ಅಲ್ಲಿ ಮನೆ ಮಾಡಿದವರು ಬೆಂಗಳೂರಿನಲ್ಲೇ ಕೆಲಸ ಮುಂದುವರಿಸಿದರೂ ಮಗು ಬೇರೊಂದು ರಾಜ್ಯದ ನಿವಾಸಿಯಾಗುತ್ತದೆ.

ವಿದೇಶಕ್ಕೆ ಸ್ಥಳಾಂತರ

ಮಗುವಿನ ಪಾಸ್‌ಪೋರ್ಟ್ ಅರ್ಜಿಗೆ ಸಾಮಾನ್ಯವಾಗಿ ತಂದೆತಾಯಿಗಳಿಬ್ಬರ ಒಪ್ಪಿಗೆಯ ಘೋಷಣೆ ಬೇಕು. ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಸ್ಥಳಾಂತರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. 2020ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಉದ್ಯೋಗನಿಮಿತ್ತ ಮಗನನ್ನು ಸಿಂಗಾಪುರಕ್ಕೆ ಕರೆದೊಯ್ಯಲು ತಾಯಿಗೆ ಅನುಮತಿ ನೀಡಿತು. ಮಗನೊಡನೆ ತಂದೆಯ ಸಂಪರ್ಕ ಮುಂದುವರಿಯುವಂತೆಯೂ ವ್ಯವಸ್ಥೆ ಮಾಡಿತು. 2022ರ ಇನ್ನೊಂದು ಪ್ರಕರಣದಲ್ಲಿ, ತಂದೆಯ ಒಪ್ಪಿಗೆಯಿಲ್ಲದೆ ಅಮೆರಿಕದಿಂದ ಬೆಂಗಳೂರಿಗೆ ಕರೆತರಲಾಗಿದ್ದ, ಅಮೆರಿಕದ ಪೌರತ್ವವುಳ್ಳ ಬಾಲಕನನ್ನು ಅಲ್ಲಿಗೆ ಮರಳಿಸಲು ಅದೇ ನ್ಯಾಯಾಲಯ ಆದೇಶಿಸಿತು. ಎರಡರಲ್ಲೂ ತಂದೆ ಅಥವಾ ತಾಯಿಯ ಹಕ್ಕಿಗಿಂತ ಮಗುವಿನ ಹಿತವೇ ಮಾನದಂಡವಾಗಿತ್ತು.

ಮಕ್ಕಳ ಅಂತರರಾಷ್ಟ್ರೀಯ ಅಪಹರಣದ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ ಭಾರತದ ಆದೇಶವನ್ನು ಹೊರದೇಶದಲ್ಲಿ ಜಾರಿಗೊಳಿಸುವುದು ಸುಲಭವಲ್ಲ. ಇದಕ್ಕೆ ಪರಿಹಾರವಾಗಿ, ಮಗು ಹೋಗುವ ದೇಶದ ನ್ಯಾಯಾಲಯದಿಂದ ಅದೇ ಷರತ್ತುಗಳ ‘ಪ್ರತಿಬಿಂಬ ಆದೇಶ’ ತರುವಂತೆ ಸೂಚಿಸುವುದುಂಟು. ಇದೂ ಪೂರ್ಣ ಭರವಸೆಯಲ್ಲ. ಕೀನ್ಯಾದ ಅಂಥ ಆದೇಶವನ್ನು ನಂಬಿ 2020ರಲ್ಲಿ ಮಗನನ್ನು ತಂದೆಗೆ ಒಪ್ಪಿಸಿದ್ದ ಸರ್ವೋಚ್ಚ ನ್ಯಾಯಾಲಯವು, ಷರತ್ತುಗಳು ಪಾಲನೆಯಾಗದ ಕಾರಣ 2021ರಲ್ಲಿ ತನ್ನ ತೀರ್ಪನ್ನು ಹಿಂಪಡೆಯಬೇಕಾಯಿತು. ಅಷ್ಟರಲ್ಲಿ ಮಗು ದೇಶ ಬಿಟ್ಟಾಗಿತ್ತು.

ಅನುಮತಿಯ ಅರ್ಜಿ

ಮತ್ತೊಬ್ಬ ಪೋಷಕರು ಒಪ್ಪದಿದ್ದರೆ, ಹೊರಡುವ ಮುನ್ನವೇ ಸುಪರ್ದಿಯ ಆದೇಶ ನೀಡಿದ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಉದ್ಯೋಗದ ನೇಮಕಪತ್ರ, ಹೊಸ ಶಾಲೆ ಮತ್ತು ವಸತಿಯ ವಿವರ, ಕೆಲಸದ ವೇಳೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೆಂಬ ಮಾಹಿತಿ ಅರ್ಜಿಗೆ ಬಲ ನೀಡುತ್ತವೆ. ವಾರದ ವಿಡಿಯೊ ಕರೆ, ರಜಾದಿನಗಳ ಹಂಚಿಕೆ ಮತ್ತು ಪ್ರಯಾಣದ ವೆಚ್ಚವನ್ನು ಒಳಗೊಂಡ ಹೊಸ ವೇಳಾಪಟ್ಟಿಯೂ ಅಷ್ಟೇ ಮುಖ್ಯ. ಉಳಿಯುವ ಪೋಷಕರೊಂದಿಗಿನ ಮಗುವಿನ ಬಾಂಧವ್ಯ ಹೇಗೆ ಮುಂದುವರಿಯುತ್ತದೆ ಎಂಬುದಕ್ಕೆ ಅದು ಉತ್ತರವಾಗಿರುತ್ತದೆ.