ಹೊಸ ಕಾರಾ, ಹಳೇ ಕಾರಾ? ಮೊದಲು ತಯಾರಾದ ತಿಂಗಳು ನೋಡಿ

ನನ್ನ ಓರಗೆಯವರಲ್ಲಿ ಈಗ ಮೊದಲ ಕಾರು ಕೊಳ್ಳುವವರ ಸರದಿ. ಆರೇಳು ಲಕ್ಷ ಹೊಂದಿಸಿಕೊಂಡವರ ಮುಂದೆ ಎರಡು ದಾರಿ ಇರುತ್ತೆ: ಹೊಸ ಕಾರಿನ ಕೆಳಗಿನ ವೇರಿಯಂಟ್, ಇಲ್ಲವೇ ಐದಾರು ವರ್ಷ ಓಡಿದ ಕಾರಿನ ಟಾಪ್ ವೇರಿಯಂಟ್. ದೊಡ್ಡ ಸ್ಕ್ರೀನು, ಅಲಾಯ್ ವೀಲು ಎಲ್ಲ ಎರಡನೆಯದರಲ್ಲೇ ಸಿಗೋದರಿಂದ ಹೋಲಿಕೆ ಬಹುತೇಕ ಅಲ್ಲಿಗೇ ಮುಗಿದುಬಿಡುತ್ತೆ. ಸಲಹೆ ಕೇಳಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಆ ಕಾರು ತಯಾರಾಗಿದ್ದು ಯಾವ ತಿಂಗಳು, ಯಾವ ವರ್ಷ?

ಯಾಕೆಂದರೆ ನಮ್ಮಲ್ಲಿ ಅಗ್ಗದ ಕಾರಿನೊಳಗೆ ಏನಿರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಸರ್ಕಾರಿ ಅಧಿಸೂಚನೆಯ ದಿನಾಂಕಗಳು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ. ಆಮೇಲೆ ನಿಯಮಗಳು ಒಂದೊಂದಾಗಿ ಬಂದವು. 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯ. ಅದೇ ಜುಲೈಯಿಂದ ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಎಚ್ಚರಿಕೆ, ರಿವರ್ಸ್ ಸೆನ್ಸರ್. ಪಕ್ಕದಲ್ಲಿ ಕೂತವರಿಗೂ ಏರ್‌ಬ್ಯಾಗ್ ಎಲ್ಲ ಕಾರುಗಳಲ್ಲಿ ಬರಲು 2022 ಆಗಬೇಕಾಯಿತು. ಚಾಲಕನ ಜೀವಕ್ಕೂ ಪಕ್ಕದವರ ಜೀವಕ್ಕೂ ನಡುವೆ ಎರಡೂವರೆ ವರ್ಷದ ಅಂತರ ನೋಡಿ! ಅಂದರೆ 2018ರ ಬೇಸ್ ಮಾಡೆಲ್‌ನಲ್ಲಿ ಇವು ಯಾವುವೂ ಇಲ್ಲದಿರಬಹುದು.

ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾಪ 2022ರಲ್ಲಿ ಬಂತು, ಒಂದು ವರ್ಷ ಮುಂದಕ್ಕೆ ಹೋಯ್ತು. 2023ರ ಸೆಪ್ಟೆಂಬರ್‌ನಲ್ಲಿ ಸಚಿವ ನಿತಿನ್ ಗಡ್ಕರಿ ಅದನ್ನು ಕಡ್ಡಾಯ ಮಾಡುವುದಿಲ್ಲ ಅಂದುಬಿಟ್ಟರು. ಹಿಂದಿನ ಸೀಟಿನಲ್ಲಿ ಕೂರುವ ಅಮ್ಮನ ತಲೆಗೆ ಪಕ್ಕದಿಂದ ರಕ್ಷಣೆ ಬೇಕೋ ಬೇಡವೋ ಅನ್ನೋದು ಹೀಗೆ ಕಂಪನಿಯ ಮರ್ಜಿಗೂ ನಮ್ಮ ಜೇಬಿಗೂ ಬಿಟ್ಟ ವಿಷಯವಾಯ್ತು.

ಮಾರುತಿ ಡಿಸೈರ್‌ನನ್ನೇ ತಗೊಳ್ಳಿ. 2024ರ ನವೆಂಬರ್‌ನಲ್ಲಿ ಬಂದ ಹೊಸ ಡಿಸೈರ್‌ನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಹೋಗಿ ಮೂರು ಸಿಲಿಂಡರಿನದು ಬಂದಿದೆ. ಶಕ್ತಿ ಸುಮಾರು 90 ಪಿಎಸ್‌ನಿಂದ 82ಕ್ಕೆ ಇಳಿದಿದೆ. ಓಡಿಸಿದವರಿಗೆ ಹಳೇ ಎಂಜಿನ್ನಿನ ನಯ ನೆನಪಾಗುತ್ತೆ, ನನಗೂ ಅದೇ ಇಷ್ಟ. ಕಂಪನಿ ಹೇಳುವ ಮೈಲೇಜ್ ಮಾತ್ರ ಮ್ಯಾನುಯಲ್‌ನಲ್ಲಿ 22.41ರಿಂದ 24.79ಕ್ಕೆ ಏರಿದೆ. ಇದನ್ನೆಲ್ಲ ಯೂಟ್ಯೂಬ್‌ನಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡ್ತಾರೆ. ನನ್ನ ಪ್ರಕಾರ ನಿಜವಾದ ವ್ಯತ್ಯಾಸ ಇನ್ನೊಂದು ಕಡೆ ಇದೆ: ಹಳೆಯದಕ್ಕೆ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 2 ಸ್ಟಾರ್, ಹೊಸದಕ್ಕೆ ವಯಸ್ಕರ ಸುರಕ್ಷತೆಯಲ್ಲಿ 5. ಹೊಸದರ ಬೇಸ್ ವೇರಿಯಂಟ್‌ನಲ್ಲೂ ಆರು ಏರ್‌ಬ್ಯಾಗ್, ಇಎಸ್‌ಪಿ ಇವೆ. ಹಳೇ ಟಾಪ್ ವೇರಿಯಂಟ್‌ನಲ್ಲಿ ಇರುವುದು ಎರಡೇ ಏರ್‌ಬ್ಯಾಗ್.

ಸ್ಟಾರ್ ಎಣಿಸುವಾಗಲೂ ಸ್ವಲ್ಪ ಜೋಪಾನ. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯನ್ನು ಬಿಗಿ ಮಾಡಿತು, ಪಕ್ಕದಿಂದ ಗುದ್ದುವ ಪರೀಕ್ಷೆಯೂ ಲೆಕ್ಕಕ್ಕೆ ಬಂತು. 2018ರಲ್ಲಿ 2 ಸ್ಟಾರ್ ಪಡೆದಿದ್ದ ಸ್ವಿಫ್ಟ್‌ಗೆ 2022ರ ಕೊನೆಯಲ್ಲಿ ಸಿಕ್ಕಿದ್ದು 1. ಹಾಗಾಗಿ 2019ರ ನಾಲ್ಕು ಸ್ಟಾರೂ 2024ರ ನಾಲ್ಕು ಸ್ಟಾರೂ ಒಂದೇ ಅಲ್ಲ.

ಇನ್ನು ಪೆಟ್ರೋಲ್. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಇ20. ಅದಕ್ಕೆ ತಕ್ಕ ರಬ್ಬರ್, ಪ್ಲಾಸ್ಟಿಕ್ ಭಾಗಗಳಿರುವ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್ ಸುಮಾರಿಗೆ. ಹಳೇ ಕಾರುಗಳ ಮೈಲೇಜ್ ಶೇ. 3ರಿಂದ 6ರಷ್ಟು ಇಳಿಯಬಹುದು ಅಂತ 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಒಪ್ಪಿಕೊಂಡಿತು. ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಯಾಗಿ ಕೊಡಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಎಥನಾಲ್ ನೀತಿಯಿಂದ ಕಬ್ಬು, ಜೋಳದ ರೈತರಿಗೆ ಅನುಕೂಲ ಆಗಲಿ, ತಕರಾರಿಲ್ಲ. ಆದರೆ ಹಳೇ ಕಾರಿನವರಿಗೆ ಆಯ್ಕೆಯನ್ನೇ ಕೊಡದೆ ಖರ್ಚು ಹೇರುವುದು ನನಗೆ ಸರಿ ಕಾಣುವುದಿಲ್ಲ. ನೀವು ನೋಡುತ್ತಿರುವುದು 2020ರ ಕಾರಾದರೆ ಇಂಧನದ ಪೈಪು, ಗ್ಯಾಸ್ಕೆಟ್ಟುಗಳ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಬೆಲೆಯ ವಿಷಯದಲ್ಲಿ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಮೇಲಿನ ಸೆಸ್ಸೂ ಹೋಗಿದೆ. ಹಳೇ ಕಾರು ಮಾರುವವರು ಈಗಲೂ ತಾವು ಕೊಟ್ಟ ಆನ್‌ರೋಡ್ ಬೆಲೆಯಿಂದಲೇ ಕಳೆಯುತ್ತಾ ಬರುತ್ತಾರೆ. ನೀವು ಇವತ್ತಿನ ಹೊಸ ಕಾರಿನ ಬೆಲೆಯಿಂದ ಶುರುಮಾಡಿ. ಹಳೇ ಕಾರಿನ ಪರವಾಗಿ ಇರುವ ದೊಡ್ಡ ವಾದ ರಸ್ತೆ ತೆರಿಗೆ: 5ರಿಂದ 10 ಲಕ್ಷದ ಹೊಸ ಕಾರಿಗೆ ಕರ್ನಾಟಕದಲ್ಲಿ ಶೇ. 14, ಅದರ ಮೇಲೆ ಸೆಸ್. ಇಲ್ಲೇ ನೋಂದಣಿಯಾದ ಹಳೇ ಕಾರಿಗೆ ಅದನ್ನು ಮೊದಲ ಮಾಲೀಕ ಆಗಲೇ ಕಟ್ಟಿರುತ್ತಾನೆ.

ದೆಹಲಿಯ ಕಾರುಗಳಿಗೆ ಈ ಲಾಭ ಇಲ್ಲ. ಅಲ್ಲಿ 10 ವರ್ಷದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಬೆಂಗಳೂರಿಗೆ ಅಗ್ಗವಾಗಿ ಬರುವ ಗಾಡಿಗಳು ಕಡಿಮೆಯೇನಿಲ್ಲ. ಎನ್‌ಒಸಿ ತರಿಸಿ, ಇಲ್ಲಿ ಮತ್ತೆ ತೆರಿಗೆ ಕಟ್ಟಿ ನೋಂದಣಿ ಮಾಡಿಸಬೇಕು. ಅಡ್ವಾನ್ಸ್ ಕೊಡುವ ಮುಂಚೆ ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ ಬಾಕಿ ಇದೆಯಾ, ವಿಮೆ ಚಾಲ್ತಿಯಲ್ಲಿದೆಯಾ ನೋಡಿ. ಆರ್‌ಸಿಯಲ್ಲಿ ನೋಂದಣಿ ದಿನಾಂಕದ ಜೊತೆಗೇ ತಯಾರಾದ ತಿಂಗಳೂ ಇರುತ್ತೆ. ಮಾರುವವರು ಬೆರಳು ಇಟ್ಟು ತೋರಿಸೋದು ಮೊದಲನೆಯದನ್ನು, ನೀವು ಓದಬೇಕಾದ್ದು ಎರಡನೆಯದನ್ನು.