ಒಂದು ಟನ್ ಕಲ್ಲು, ಕಾಳಿನಷ್ಟು ಚಿನ್ನ

ವಸ್ತು ಸಂಗ್ರಹಾಲಯವೆಂದರೆ ಹಳೆಯ ಶಾಸನ, ನಾಣ್ಯ, ಮೂರ್ತಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ಸ್ಥಳವೆಂಬ ತಿಳಿವಳಿಕೆ ಸಾಮಾನ್ಯವಾಗಿದ್ದು, ವಿಜ್ಞಾನ ಸಂಗ್ರಹಾಲಯದ ಮಟ್ಟಿಗೆ ಅದು ಅರ್ಧ ಮಾತ್ರ ಸರಿ. ನಾಣ್ಯವನ್ನು ಇಟ್ಟು ತೋರಿಸಬಹುದು. ಆದರೆ ಗುರುತ್ವ, ಸಾಂದ್ರತೆ, ವಿದ್ಯುತ್ ಪ್ರವಾಹಗಳು ವಸ್ತುಗಳಲ್ಲವಾದ್ದರಿಂದ ಅವುಗಳನ್ನು ನೋಡುಗರ ಕಣ್ಣೆದುರಿಗೆ, ಸಾಧ್ಯವಾದರೆ ಅವರ ಕೈಯಿಂದಲೇ, ನಡೆಸಿ ತೋರಿಸಬೇಕಾಗುತ್ತದೆ. ಹಾಗೆ ನಡೆಸಿ ತೋರಿಸುವ ಸಾಧನವನ್ನೇ ವಿಜ್ಞಾನ ಕೇಂದ್ರಗಳಲ್ಲಿ ಮಾದರಿ ಎನ್ನುತ್ತಾರೆ.

ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಕಲಿಯುವ ಈ ಪದ್ಧತಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ 1903ರಲ್ಲಿ ಸ್ಥಾಪನೆಗೊಂಡ ಡಾಯ್ಚಸ್ ಮ್ಯೂಸಿಯಂ ದಾರಿ ಹಾಕಿತು. ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ ಎಕ್ಸ್‌ಪ್ಲೊರೇಟೋರಿಯಂ ಅದನ್ನು ಇನ್ನೂ ಮುಂದಕ್ಕೆ ಒಯ್ದಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯದ ಕಟ್ಟಡವನ್ನು ಪ್ರಧಾನಿ ಜವಾಹರಲಾಲ್ ನೆಹರೂ 1962ರಲ್ಲಿ ಉದ್ಘಾಟಿಸಿದರು. 1965ರಲ್ಲಿ ಅದರ ಮೊದಲ ಅಂಕಣ ಸಾರ್ವಜನಿಕರಿಗೆ ತೆರೆದಾಗ ಆರಿಸಿಕೊಂಡ ವಿಷಯ ವಿದ್ಯುತ್ತು. ಕಲ್ಯಾಣ ಕರ್ನಾಟಕಕ್ಕೆ ಇಂಥದೊಂದು ಕೇಂದ್ರ ದೊರೆತದ್ದು 1984ರಲ್ಲಿ, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದ ರೂಪದಲ್ಲಿ. ಅಲ್ಲಿಗೂ ಬರಲಾಗದ ಊರುಗಳ ಮಕ್ಕಳಿಗಾಗಿ ಮಾದರಿಗಳನ್ನು ಬಸ್ಸಿನಲ್ಲಿ ಜೋಡಿಸಿ ಶಾಲೆಯಂಗಳಕ್ಕೆ ಒಯ್ಯುವ ಸಂಚಾರಿ ವಿಜ್ಞಾನ ಪ್ರದರ್ಶನದ ಏರ್ಪಾಡು ಇದೆ. ಭಾರತದ ವಿಜ್ಞಾನ ಸಂಗ್ರಹಾಲಯಗಳು ಮಾಡಿರುವ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲವೆಂದರೆ ಉತ್ಪ್ರೇಕ್ಷೆಯಾಗದು.

ಒಳ್ಳೆಯ ಮಾದರಿಯ ಗುಣವೇನೆಂಬುದು ಅನೇಕ ಕೇಂದ್ರಗಳಲ್ಲಿ ಕಾಣಸಿಗುವ 'ಏರು ಹತ್ತುವ ಶಂಕು'ವಿನಿಂದ ಚೆನ್ನಾಗಿ ತಿಳಿಯುತ್ತದೆ. ಎರಡು ಬುಗುರಿಗಳ ಅಗಲವಾದ ತಲೆಗಳನ್ನು ಕೂಡಿಸಿದಂಥ ಒಂದು ಉರುಳೆಯನ್ನು, ತಗ್ಗಿನ ತುದಿಯಲ್ಲಿ ಹತ್ತಿರವಿದ್ದು ಎತ್ತರದ ತುದಿಗೆ ಹೋದಂತೆಲ್ಲ ದೂರ ಸರಿಯುವ ಎರಡು ಸರಳುಗಳ ಮೇಲೆ ತಗ್ಗಿನಲ್ಲಿ ಇಟ್ಟು ಬಿಟ್ಟರೆ, ಅದು ತಾನಾಗಿಯೇ ಎತ್ತರದ ಕಡೆಗೆ ಉರುಳುತ್ತದೆ. ನೀರೂ ಚಕ್ಕಡಿಯೂ ಇಳಿಜಾರಿನತ್ತಲೇ ಹೋಗುವುದನ್ನು ಹುಟ್ಟಿದಂದಿನಿಂದ ಕಂಡ ಮಗು ಇದನ್ನು ನಂಬದೆ ಮತ್ತೆ ಕೆಳಗೆ ತಂದಿಟ್ಟು ನೋಡುತ್ತದೆ. ಸರಳುಗಳು ದೂರವಾದಂತೆ ಉರುಳೆಯ ನಡುಭಾಗ ಅವುಗಳ ನಡುವೆ ಕುಸಿಯುವುದರಿಂದ, ವಸ್ತುವಿನ ಇಡೀ ಭಾರ ಒಂದೇ ಬಿಂದುವಿನಲ್ಲಿ ನೆಲೆಸಿದೆಯೆಂದು ಭಾವಿಸಬಹುದಾದ ಅದರ ಗುರುತ್ವಕೇಂದ್ರ ನಿಜವಾಗಿ ಕೆಳಗಿಳಿಯುತ್ತಿರುತ್ತದೆ. ಈ ವಿವರಣೆಯನ್ನು ಫಲಕದಲ್ಲಿ ಬರೆದು ಮುಗಿಸಿಬಿಟ್ಟರೆ ಓದಿದವರು ಒಪ್ಪಿಕೊಂಡು ಮುಂದೆ ಹೋಗುತ್ತಾರೆಯೇ ಹೊರತು ಕಂಡುಕೊಂಡಿರುವುದಿಲ್ಲ. ಬದಲಿಗೆ ಉರುಳೆಯ ತುದಿಗಳ ಮಟ್ಟಕ್ಕೆ ಸರಿಯಾಗಿ ಒಂದು ದಾರವನ್ನು ನೆಲಕ್ಕೆ ಸಮಾನಾಂತರವಾಗಿ ಎಳೆದು ಕಟ್ಟಿದರೆ, ಏರುತ್ತಿರುವಂತೆ ತೋರುವ ಉರುಳೆ ದಾರಕ್ಕಿಂತ ಕೆಳಗೆ ಜಾರುವುದು ಯಾರೂ ಹೇಳದೆಯೇ ಕಾಣುತ್ತದೆ. ವಿನ್ಯಾಸಕಾರರ ಜಾಣ್ಮೆಯೆಲ್ಲ ಆ ಒಂದು ದಾರದಲ್ಲಿದೆ.

ಫಲಕ ಬೇಡವೆಂದು ಇದರ ಅರ್ಥವಲ್ಲ. ಏನು ಮಾಡಬೇಕು, ಏನನ್ನು ಗಮನಿಸಬೇಕು, ಏಕೆ ಹೀಗಾಗುತ್ತದೆ ಎಂಬ ಮೂರೂ ಅದರಲ್ಲಿರಬೇಕು, ಅದೂ ಇದೇ ಕ್ರಮದಲ್ಲಿ. 'ಏಕೆ' ಮೊದಲೇ ಬಂದರೆ ಕೈ ಸುಮ್ಮನಾಗುತ್ತದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕೊನೆಗೆ ಪದಕ್ಕೆ ಪದವಿಟ್ಟು ಕನ್ನಡಿಸಿದ ಫಲಕಗಳು ಓದುಗನನ್ನು ದೂರ ತಳ್ಳುವುದರಿಂದ, ಅವುಗಳನ್ನು ಮೊದಲಿನಿಂದಲೂ ಕನ್ನಡದಲ್ಲೇ ಯೋಚಿಸಿ ಬರೆಯುವುದು ಅಗತ್ಯ. ಉಕ್ಕಿನಲ್ಲಿ ಶಾಶ್ವತವಾಗಿ ಕಟ್ಟುವ ಮುನ್ನ ರಟ್ಟು, ಕಟ್ಟಿಗೆಗಳ ಕಚ್ಚಾ ಮಾದರಿಯನ್ನು ಮಕ್ಕಳ ಕೈಗೆ ಕೊಟ್ಟು, ಅವರು ಅದನ್ನು ಎಲ್ಲಿ ತಪ್ಪಾಗಿ ಹಿಡಿಯುತ್ತಾರೆ, ಯಾವ ಸಾಲನ್ನು ಓದದೆ ಬಿಡುತ್ತಾರೆ ಎಂಬುದನ್ನು ದೂರ ನಿಂತು ನೋಡುವುದೂ ಅಷ್ಟೇ ಮುಖ್ಯ.

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದ ಸುತ್ತಲಿನ ನೆಲ ಇಂಥ ವಿನ್ಯಾಸಕ್ಕೆ ಬಹಳ ಶ್ರೀಮಂತವಾದ ವಸ್ತುವನ್ನು ಒದಗಿಸುತ್ತದೆ. ಸಮೀಪದ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನಕ್ಕಾಗಿ ಆಳವಾದ ಗಣಿಗಳನ್ನು ತೋಡಿದ್ದರು. ಅಶೋಕನ ಹೆಸರನ್ನು ನೇರವಾಗಿ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಕೂಡ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್‌ಗೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಅದನ್ನು ಹೊತ್ತ ಬೆಣಚುಕಲ್ಲು ಮೂರು ಪಟ್ಟಿಗಿಂತಲೂ ಕಡಿಮೆ. ಇದನ್ನು ಅಂಕಿಯಾಗಿ ಬರೆಯುವ ಬದಲು ಕೈಗೆ ಕೊಡಬೇಕಾದರೆ ಚಿನ್ನದ ಗಟ್ಟಿಯೇನೂ ಬೇಕಾಗಿಲ್ಲ. ಟಂಗ್‌ಸ್ಟನ್ ಲೋಹದ ಸಾಂದ್ರತೆ ಹೆಚ್ಚುಕಡಿಮೆ ಚಿನ್ನದಷ್ಟೇ ಇರುವುದರಿಂದ, ಒಂದೇ ಅಳತೆಯ ಟಂಗ್‌ಸ್ಟನ್ ತುಂಡನ್ನೂ ಬೆಣಚುಕಲ್ಲನ್ನೂ ಸರಪಳಿ ಹಾಕಿ ಪಕ್ಕಪಕ್ಕದಲ್ಲಿಟ್ಟರೆ ಎತ್ತಿದ ತೋಳಿಗೇ ವ್ಯತ್ಯಾಸ ತಿಳಿಯುತ್ತದೆ. ಅಕ್ಕಿ ಜಾಲಿಸುವಾಗ ಹರಳು ತಳದಲ್ಲಿ ಉಳಿಯುವುದನ್ನು ಅಡುಗೆಮನೆಯಲ್ಲಿ ಕಂಡವರಿಗೆ, ಕಪ್ಪತಗುಡ್ಡದ ಹಳ್ಳಗಳ ಮರಳನ್ನು ಜಾಲಿಸಿ ಚಿನ್ನ ತೆಗೆಯುತ್ತಿದ್ದ ಜಾಲಗಾರರ ಕೌಶಲ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ; ಅದನ್ನು ಮಾಡಿ ತೋರಿಸಲು ಒಂದು ಮರಿಗೆ, ಒಂದಿಷ್ಟು ಮರಳು, ಕೆಲವು ಸೀಸದ ಕಾಳು, ನೀರು ಇಷ್ಟಿದ್ದರೆ ಸಾಕು.

ಅದಿರಿನಲ್ಲಿ ಚಿನ್ನ ಎಷ್ಟು ವಿರಳ ಎಂಬುದನ್ನು ತೋರಿಸುವುದು ಇದಕ್ಕಿಂತ ಕಠಿಣ. ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ. ಆ ಮಾತನ್ನು ಓದಿದವರ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಲೆಕ್ಕ ಹಾಕಿದರೆ ಒಂದು ಟನ್ ಕಲ್ಲು ಪ್ರತಿ ಬದಿ ಸುಮಾರು 72 ಸೆಂಟಿಮೀಟರ್ ಇರುವ ಘನವಾಗುತ್ತದೆ, ನಾಲ್ಕು ಗ್ರಾಂ ಚಿನ್ನ ಬದಿಗೆ 6 ಮಿಲಿಮೀಟರ್ ಇರುವ ಘನ, ಎಂದರೆ ಕಡಲೆಕಾಳಿಗಿಂತ ತುಸು ಚಿಕ್ಕದು. ಆ ಕಲ್ಲನ್ನು ನಿಜವಾದ ಅಳತೆಯಲ್ಲೇ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಹಿತ್ತಾಳೆಯ ಒಂದು ಕಾಳನ್ನಿಟ್ಟರೆ, ಗಣಿಗೆ ಇಳಿದು ಬರುವ ತಂದೆ ಕಾಳಿನಷ್ಟು ಚಿನ್ನಕ್ಕಾಗಿ ಎಷ್ಟು ಬಂಡೆ ಒಡೆಯಬೇಕಾಗುತ್ತದೆಂಬುದನ್ನು ಹಟ್ಟಿಯ ಮಗು ತನ್ನ ಎದೆಮಟ್ಟದ ಆ ಕಲ್ಲಿನ ಪಕ್ಕದಲ್ಲಿ ನಿಂತೇ ಅಳೆಯಬಲ್ಲದು.