ಜಪಾನ್ ಪ್ರವಾಸ: ದೇಗುಲದ ಊಟ ಮತ್ತು ಜೈನರ ಆಹಾರ ನಿಯಮ

ಬೆಂಗಳೂರಿನಿಂದ ಟೋಕಿಯೊದ ನರಿಟಾಕ್ಕೆ ನೇರ ವಿಮಾನ ಬಂದ ಮೇಲೆ ಜಪಾನ್ ಮೊದಲಿನಷ್ಟು ದೂರದ ದೇಶವಾಗಿ ಉಳಿದಿಲ್ಲ. ಆದರೂ ಮನೆಯಲ್ಲಿ ಜಪಾನಿನ ಮಾತು ಬಂದರೆ ಮೊದಲು ಹಿಂದೆ ಸರಿಯುವವರು ವ್ರತ ಹಿಡಿದ ಹಿರಿಯರು. ಅಲ್ಲಿ ಮೀನಿಲ್ಲದೆ ಅಡುಗೆಯೇ ಇಲ್ಲ, ನಾವು ಬರುವುದಿಲ್ಲ, ನೀವು ಹೋಗಿ ಬನ್ನಿ ಎಂದುಬಿಡುತ್ತಾರೆ. ಮಕ್ಕಳು ಮೊಬೈಲ್ ನೋಡಿ, ಅಲ್ಲಿನ ಬೌದ್ಧ ದೇಗುಲಗಳಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತದೆ, ಅದು ನಮ್ಮ ಊಟದಂತೆಯೇ ಇರುತ್ತದೆ ಎನ್ನುತ್ತಾರೆ. ಎರಡೂ ಮಾತು ಅರ್ಧ ಸತ್ಯ. ಹಿರಿಯರನ್ನು ಕರೆದುಕೊಂಡು ಹೋಗಬಹುದು, ನಿಯಮವನ್ನೂ ಉಳಿಸಿಕೊಳ್ಳಬಹುದು. ಆದರೆ ಟಿಕೆಟ್ ಕೊಳ್ಳುವ ಮೊದಲೇ ಕೆಲವು ಸಂಗತಿ ತಿಳಿದಿರಬೇಕು.

ಮಾಂಸ ಬಿಟ್ಟರು, ಮೀನು ಬಿಡಲಿಲ್ಲ

ಕ್ರಿ.ಶ. 675ರಲ್ಲಿ ಜಪಾನಿನ ಚಕ್ರವರ್ತಿ ತೆನ್ಮು ದನ, ಕುದುರೆ, ನಾಯಿ, ಕೋತಿ, ಕೋಳಿ ಈ ಐದರ ಮಾಂಸವನ್ನು ವರ್ಷದ ಕೆಲವು ತಿಂಗಳು ತಿನ್ನಬಾರದೆಂದು ಆಜ್ಞೆ ಹೊರಡಿಸಿದನು. ಬೌದ್ಧ ಧರ್ಮದ ಪ್ರಭಾವದಿಂದ ಮಾಂಸ ತಿನ್ನುವುದು ತಪ್ಪೆಂಬ ಭಾವನೆ ಆ ದೇಶದಲ್ಲಿ ಸುಮಾರು 1,200 ವರ್ಷ ಉಳಿಯಿತು. 1872ರಲ್ಲಿ ಚಕ್ರವರ್ತಿ ಮೇಜಿ ತಾನೇ ದನದ ಮಾಂಸ ತಿಂದುದನ್ನು ಬಹಿರಂಗಪಡಿಸಿದ ಮೇಲೆ ಆ ತಡೆ ಮುರಿಯಿತು.

ಆದರೆ ತೆನ್ಮುವಿನ ಆಜ್ಞೆಯಲ್ಲಿ ಮೀನಿನ ಹೆಸರಿರಲಿಲ್ಲ. ಸುತ್ತಲೂ ಸಮುದ್ರವಿರುವ ದೇಶದಲ್ಲಿ ಮೀನು ನಿತ್ಯದ ಆಹಾರವಾಗಿಯೇ ಉಳಿಯಿತು. ಅದಕ್ಕೇ ಇಂದಿಗೂ ಅಲ್ಲಿ ‘ಮಾಂಸವಿಲ್ಲ’ ಎಂದರೆ ‘ಮೀನಿಲ್ಲ’ ಎಂದು ಅರ್ಥವಲ್ಲ. ಹೋಟೆಲಿನವರು ಸುಳ್ಳು ಹೇಳುವುದಿಲ್ಲ, ಅವರ ಲೆಕ್ಕವೇ ಬೇರೆ.

ಎಲ್ಲಕ್ಕಿಂತ ಹೆಚ್ಚು ತಿಳಿದಿರಬೇಕಾದ ಪದ ‘ದಾಶಿ’. ಇದು ಅಡುಗೆಗೆ ಬಳಸುವ ತಿಳಿ ಸಾರು. ಸಾಮಾನ್ಯವಾಗಿ ಒಣಗಿಸಿದ ಕತ್ಸುಒ ಮೀನಿನ ತೆಳು ಹೆರಕಲುಗಳಿಂದ ಅಥವಾ ಒಣ ಸಣ್ಣ ಮೀನಿನಿಂದ ಇದನ್ನು ತಯಾರಿಸುತ್ತಾರೆ. ತಟ್ಟೆಯಲ್ಲಿ ಮೀನು ಕಾಣುವುದೇ ಇಲ್ಲ. ಮಿಸೊ ಸೂಪು, ಉದೊನ್ ಮತ್ತು ಸೋಬಾ ಶಾವಿಗೆಯ ಸಾರು, ಬೇಯಿಸಿದ ತರಕಾರಿ, ಸೊಪ್ಪಿನ ಪಲ್ಯ, ಕೆಲವು ಉಪ್ಪಿನಕಾಯಿಯಲ್ಲೂ ದಾಶಿ ಸೇರಿರುತ್ತದೆ. ತರಕಾರಿ ತೆಂಪುರಾ ಎಂಬ ಬೋಂಡದ ಹಿಟ್ಟಿಗೆ ಮೊಟ್ಟೆ ಬೆರೆಸುವುದುಂಟು, ಸಿಗಡಿ ಕರಿದ ಎಣ್ಣೆಯಲ್ಲೇ ಕರಿಯುವುದೂ ಉಂಟು. ಮಿರಿನ್ ಮತ್ತು ಸಾಕೆ ಎಂಬ ಅಕ್ಕಿಯ ಮದ್ಯಗಳನ್ನು ಸಿಹಿಗೂ ರುಚಿಗೂ ಬಳಸುತ್ತಾರೆ.

ಶೋಜಿನ್ ರ್ಯೋರಿ: ಹತ್ತಿರ, ಆದರೆ ಒಂದೇ ಅಲ್ಲ

ಬೌದ್ಧ ದೇಗುಲಗಳ ಸಾಂಪ್ರದಾಯಿಕ ಊಟಕ್ಕೆ ಶೋಜಿನ್ ರ್ಯೋರಿ ಎಂದು ಹೆಸರು. ಚೀನಾದಲ್ಲಿ ಅಭ್ಯಾಸ ಮಾಡಿ ಬಂದ ಝೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವನ ಕರ್ತವ್ಯದ ಬಗ್ಗೆ ಒಂದು ಪುಸ್ತಕವನ್ನೇ ಬರೆದನು. ಅಕ್ಕಿಯ ಒಂದು ಕಾಳನ್ನೂ ವ್ಯರ್ಥ ಮಾಡಬಾರದು, ಅಡುಗೆಯೂ ಸಾಧನೆಯೇ ಎಂಬುದು ಆ ಪರಂಪರೆಯ ನಿಲುವು.

ಈ ಊಟದಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಜಾತಿಯವೂ ಇಲ್ಲ. ದಾಶಿಯನ್ನು ಕೊಂಬು ಎಂಬ ಕಡಲ ಸಸ್ಯದಿಂದ ಮತ್ತು ಒಣ ಶಿಟಾಕೆ ಅಣಬೆಯಿಂದ ಮಾಡುತ್ತಾರೆ. ಇಷ್ಟು ಕೇಳಿದರೆ ನಮ್ಮ ಊಟವೇ ಅನ್ನಿಸುತ್ತದೆ. ಆದರೆ ಕಾರಣ ಬೇರೆ. ಈರುಳ್ಳಿ, ಬೆಳ್ಳುಳ್ಳಿ ಮನಸ್ಸನ್ನು ಕೆರಳಿಸುತ್ತವೆಂದು ಅವರು ಬಿಟ್ಟರು. ಕಂದಮೂಲದಲ್ಲಿ ಅನಂತ ಜೀವಗಳಿವೆ ಎಂಬ ವಿಚಾರ ಅಲ್ಲಿಲ್ಲ. ಆದ್ದರಿಂದ ಮೂಲಂಗಿ, ಕ್ಯಾರೆಟ್, ಕೆಸುವಿನ ಗಡ್ಡೆ, ತಾವರೆ ಬೇರು, ಗೊಬೊ ಎಂಬ ಉದ್ದ ಬೇರು ಇವೆಲ್ಲ ಶೋಜಿನ್ ಊಟದ ಮುಖ್ಯ ಪದಾರ್ಥಗಳು. ಅಣಬೆಯೂ ಹಾಗೆಯೇ.

ಕೆಲವು ಕಡೆ ಗಡ್ಡೆ ಗುರುತೇ ಸಿಗುವುದಿಲ್ಲ. ಗೊಮಾದೊಫು ಎಂಬುದು ಎಳ್ಳಿನಿಂದ ಮಾಡಿದ ಮೃದುವಾದ ತುಂಡು, ಆದರೆ ಅದನ್ನು ಗಟ್ಟಿ ಮಾಡುವ ಕುಝು ಪುಡಿ ಬೇರಿನಿಂದ ತೆಗೆದ ಪಿಷ್ಟ. ಬೂದು ಬಣ್ಣದ ಕೊನ್ನ್ಯಾಕು ಕೂಡ ಒಂದು ಗಡ್ಡೆಯಿಂದಲೇ ಆಗುತ್ತದೆ. ಸೋಯಾಬೀನ್ ಹಾಲಿನ ತೊಫು, ಅದರ ಕೆನೆಯಾದ ಯೂಬಾ, ಅನ್ನ, ಬದನೆ, ಕುಂಬಳ, ಸೊಪ್ಪು, ಬೀನ್ಸ್ ಇವು ಹೆಚ್ಚಿನ ಕುಟುಂಬಗಳಿಗೆ ನಡೆಯುತ್ತವೆ. ಮಿಸೊ ಮತ್ತು ಸೋಯಾ ಸಾಸ್ ಹುದುಗಿಸಿದ ಪದಾರ್ಥಗಳು. ಇವು, ಕಡಲ ಸಸ್ಯ, ಒಣಗಿಸಿದ ಬೇರಿನ ಪಿಷ್ಟ ನಡೆಯುತ್ತವೆಯೇ ಇಲ್ಲವೇ ಎಂಬುದನ್ನು ತಮ್ಮ ಮುನಿಗಳಲ್ಲಿ ಅಥವಾ ಮನೆಯ ಹಿರಿಯರಲ್ಲಿ ಕೇಳಿ ಊರಲ್ಲೇ ತೀರ್ಮಾನಿಸಬೇಕು. ಅಲ್ಲಿ ಎಲೆಯ ಮುಂದೆ ಕೂತು ಚರ್ಚೆ ಮಾಡುವುದು ಸರಿಯಲ್ಲ. ಬಡಿಸಿದ್ದನ್ನು ಬಿಡುವುದು ಆ ಅಡುಗೆಯವರಿಗೆ ಬಹಳ ನೋವಿನ ಸಂಗತಿ.

ಸೂರ್ಯಾಸ್ತ ನೋಡಿ ತಿಂಗಳು ಆರಿಸಬೇಕು

ಪ್ರವಾಸ ಕಂಪನಿಗಳು ಹೂವು ಮತ್ತು ಎಲೆಯ ಬಣ್ಣ ನೋಡಿ ತಿಂಗಳು ಹೇಳುತ್ತವೆ. ರಾತ್ರಿಭೋಜನ ತ್ಯಾಗ ಮಾಡಿದವರು ಸೂರ್ಯಾಸ್ತ ನೋಡಬೇಕು. ಕ್ಯೋಟೊದಲ್ಲಿ ಕೆಂಪೆಲೆಗಳ ಕಾಲವಾದ ನವೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಸಂಜೆ ಸುಮಾರು 4.45ಕ್ಕೆ. ಡಿಸೆಂಬರ್ ಮೊದಲ ಭಾಗದಲ್ಲಿ ಟೋಕಿಯೊದಲ್ಲಿ 4.30ಕ್ಕೇ ಮುಗಿಯುತ್ತದೆ. ಏಪ್ರಿಲ್ ಮೊದಲ ವಾರ ಕ್ಯೋಟೊದಲ್ಲಿ ಸುಮಾರು 6.25, ಮೇ ಮಧ್ಯದಲ್ಲಿ 6.50ರ ಆಸುಪಾಸು, ಜೂನ್‌ನಲ್ಲಿ 7 ದಾಟುತ್ತದೆ.

ದೇಗುಲದ ವಸತಿಗಳಲ್ಲಿ ಸಂಜೆ ಊಟ ಸಾಮಾನ್ಯವಾಗಿ 5.30ರಿಂದ 6ರ ಒಳಗೆ ಬಡಿಸುತ್ತಾರೆ. ಅಂದರೆ ಮೇ ತಿಂಗಳಲ್ಲಿ ನಿಯಮ ತಾನಾಗಿಯೇ ನಡೆಯುತ್ತದೆ, ನವೆಂಬರಿನಲ್ಲಿ ಸಾಧ್ಯವೇ ಇಲ್ಲ. ಜೂನ್‌ನಲ್ಲಿ ಅಲ್ಲಿ ಮಳೆಗಾಲ ಶುರುವಾಗುತ್ತದೆ. ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿನವರಿಗೆ ಸಾಲು ರಜೆ, ರೈಲು ಮತ್ತು ವಸತಿ ತುಂಬಿ ತುಳುಕುತ್ತವೆ. ಹಾಗಾಗಿ ಏಪ್ರಿಲ್ ಮೊದಲ ಮೂರು ವಾರ ಅಥವಾ ಮೇ 6ರ ನಂತರ ತಿಂಗಳ ಕೊನೆಯವರೆಗೆ ಉತ್ತಮ. ನಮ್ಮ ಶಾಲೆಗಳ ರಜೆಗೂ ಹೊಂದುತ್ತದೆ, ಚಾತುರ್ಮಾಸಕ್ಕೂ ಮೊದಲೇ ಬಂದು ಸೇರಬಹುದು.

ಮಧ್ಯಾಹ್ನದ ನಂತರ ಉಣ್ಣದಿರುವ ನಿಯಮ ಬೌದ್ಧ ಭಿಕ್ಷುಗಳಿಗೂ ಇತ್ತು. ಝೆನ್ ಮಠಗಳಲ್ಲಿ ಸಂಜೆ ಊಟವನ್ನು ಇಂದಿಗೂ ‘ಯಾಕುಸೆಕಿ’, ಅಂದರೆ ಔಷಧದ ಕಲ್ಲು ಎನ್ನುತ್ತಾರೆ. ಹಿಂದೆ ಭಿಕ್ಷುಗಳು ಹಸಿವು, ಚಳಿ ತಡೆಯಲು ಬಿಸಿ ಕಲ್ಲನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದರೆಂದು ಆ ಹೆಸರಿಗೆ ಕಾರಣ ಹೇಳುತ್ತಾರೆ. ಈಗ ನಿಯಮ ಸಡಿಲವಾಗಿದೆ, ಹೆಸರು ಉಳಿದಿದೆ. ಕತ್ತಲಾಗುವ ಮೊದಲು ಊಟ ಬೇಕೆಂದು ಧರ್ಮದ ಕಾರಣ ಹೇಳಿ ಕೇಳಿದರೆ ದೇಗುಲದವರಿಗೆ ಅದು ವಿಚಿತ್ರವೆನಿಸುವುದಿಲ್ಲ.

ಎಲ್ಲಿಗೆ ಹೋಗಬೇಕು

ಮೊದಲನೆಯದು ಕೋಯಾ ಬೆಟ್ಟ. ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ನಂತರ ಕೇಬಲ್ ಕಾರ್, ಬಸ್ಸು ಸೇರಿ ಸುಮಾರು ಎರಡು ಗಂಟೆಯ ದಾರಿ. 816ರಲ್ಲಿ ಗುರು ಕೂಕಾಯ್ ಇದನ್ನು ಸ್ಥಾಪಿಸಿದನು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೂರಕ್ಕೂ ಹೆಚ್ಚು ದೇಗುಲಗಳಲ್ಲಿ ಸುಮಾರು 50ರಲ್ಲಿ ಯಾತ್ರಿಕರಿಗೆ ವಸತಿ, ಎರಡು ಹೊತ್ತಿನ ಶೋಜಿನ್ ಊಟ ಇದೆ. ಕೂಕಾಯ್ ಇಂದಿಗೂ ಧ್ಯಾನದಲ್ಲಿದ್ದಾನೆಂದು ಭಕ್ತರ ನಂಬಿಕೆ. ಅವನಿಗೆ ದಿನಕ್ಕೆ ಎರಡು ಬಾರಿ, ಬೆಳಗ್ಗೆ 6ಕ್ಕೆ ಮತ್ತು 10.30ಕ್ಕೆ ಆಹಾರ ಒಯ್ಯುತ್ತಾರೆ. ಎತ್ತರದ ಮರಗಳ ನಡುವಿನ ಎರಡು ಕಿಲೋಮೀಟರ್ ಹಾದಿಯಲ್ಲಿ ಇದನ್ನು ನೋಡಬಹುದು. ವಸತಿಗೆ ಒಬ್ಬರಿಗೆ ಊಟ ಸಹಿತ ಸಾಮಾನ್ಯವಾಗಿ 10,000 ಯೆನ್‌ಗಿಂತ ಹೆಚ್ಚು. ಬೆಳಗಿನ ಉಪಾಹಾರ ಮಾತ್ರ ಬೇಕೆಂದು ಕೇಳಲು ಕೆಲವು ದೇಗುಲಗಳಲ್ಲಿ ಅವಕಾಶವಿದೆ. ನೆಲದ ಮೇಲೆ ಕೂರಬೇಕು, ಮಂಡಿ ನೋವಿರುವವರು ಕುರ್ಚಿ ಬೇಕೆಂದು ಮೊದಲೇ ತಿಳಿಸಬೇಕು.

ಕ್ಯೋಟೊದ ತೆನ್ರ್ಯೂಜಿ ದೇಗುಲದ ಆವರಣದಲ್ಲಿ ಶೋಜಿನ್ ಊಟ ಮಧ್ಯಾಹ್ನವೇ ಸಿಗುತ್ತದೆ. ಹತ್ತಿರದ ಊಜಿಯಲ್ಲಿ ಚೀನಾದಿಂದ ಬಂದ ಗುರು ಇಂಗೆನ್ 1661ರಲ್ಲಿ ಕಟ್ಟಿಸಿದ ಮಂಪುಕುಜಿ ಇದೆ, ಅಲ್ಲಿ ಚೀನೀ ಪದ್ಧತಿಯ ಸಸ್ಯಾಹಾರಿ ಊಟಕ್ಕೆ ಫುಚಾ ರ್ಯೋರಿ ಎಂದು ಹೆಸರು. ಕ್ಯೋಟೊದ ನಾನ್ಜೆನ್ಜಿ ಸುತ್ತ ಬಿಸಿ ತೊಫು ಬಡಿಸುವ ಅಂಗಡಿಗಳು ಹೆಸರುವಾಸಿ, ಆದರೆ ಅದ್ದಿಕೊಳ್ಳುವ ಸಾರಿನಲ್ಲಿ ಮೀನಿನ ದಾಶಿ ಇರಬಹುದು, ಕೇಳದೆ ಮುಟ್ಟಬಾರದು. ನಾರಾದಲ್ಲಿ 752ರಲ್ಲಿ ಮಹಾಬುದ್ಧನ ಮೂರ್ತಿಗೆ ಕಣ್ಣು ತೆರೆಸುವ ವಿಧಿ ನಡೆಸಿದವನು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಆ ದೇಗುಲದ ಸುತ್ತ ಸಾವಿರಕ್ಕೂ ಹೆಚ್ಚು ಜಿಂಕೆಗಳು ಭಯವಿಲ್ಲದೆ ಓಡಾಡುತ್ತವೆ, ಮಕ್ಕಳಿಗೆ ತೋರಿಸಲೇಬೇಕು.

ಕೋಬೆ ನಗರದ ಕಿತಾನೊ ಪ್ರದೇಶದಲ್ಲಿ ಭಗವಾನ್ ಮಹಾವೀರ ಸ್ವಾಮಿ ಜಿನಮಂದಿರವಿದೆ. ಮುತ್ತಿನ ವ್ಯಾಪಾರಕ್ಕೆ ಹೋಗಿ ನೆಲೆಸಿದ ಜೈನರು 1985ರಲ್ಲಿ ಕಟ್ಟಿಸಿದ್ದು. ಶ್ವೇತಾಂಬರ ಪದ್ಧತಿಯ ಅಮೃತಶಿಲೆಯ ಮಂದಿರ. ಒಸಾಕಾದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದೂರ. ದರ್ಶನದ ಸಮಯ ಮೊದಲೇ ಕೇಳಿಕೊಂಡು ಹೋಗಬೇಕು. ಅಷ್ಟಮಿ, ಚತುರ್ದಶಿಯ ದಿನ ಇಲ್ಲಿಗೆ ಬರುವಂತೆ ಯೋಜಿಸಿದರೆ ಹಿರಿಯರಿಗೆ ಸಮಾಧಾನ.

ಚಹಾ ಮತ್ತು ಸಿಹಿ

ಸೆನ್ ನೊ ರಿಕ್ಯೂ 16ನೆಯ ಶತಮಾನದಲ್ಲಿ ರೂಪಿಸಿದ ಚಹಾ ವಿಧಿ ಹಗಲಿನಲ್ಲೇ ನೋಡಬಹುದು. ಹಸಿರು ಚಹಾ ಪುಡಿ ಮತ್ತು ಬಿಸಿ ನೀರು, ಇಷ್ಟೇ. ಜೊತೆಗೆ ಕೊಡುವ ಸಿಹಿಯನ್ನು ಮಾತ್ರ ವಿಚಾರಿಸಬೇಕು. ಯೋಕಾನ್ ಎಂಬುದು ಕೆಂಪು ಕಾಳು, ಸಕ್ಕರೆ, ಕಡಲ ಸಸ್ಯದಿಂದ ತೆಗೆದ ಅಗರ್ ಇವುಗಳಿಂದ ಆದದ್ದು. ಜೋಯೊ ಮಂಜು ಎಂಬ ಬಿಳಿ ಕಡುಬಿನ ಹೊರ ಪದರದಲ್ಲಿ ಗೆಣಸಿನ ಜಾತಿಯ ಗಡ್ಡೆ ಇರುತ್ತದೆ. ದೊರಾಯಾಕಿ, ಕಸುತೆರಾಗಳಲ್ಲಿ ಮೊಟ್ಟೆ ಇರುತ್ತದೆ, ಹಲವು ಕಡೆ ಜೇನೂ ಸೇರುತ್ತದೆ.

ಬರೆದು ತಿಳಿಸುವ ಕ್ರಮ

ಮುಂಗಡ ಕಾಯ್ದಿರಿಸುವಾಗಲೇ ಬರೆದು ತಿಳಿಸಬೇಕು. ದೇಗುಲದ ಅಡುಗೆಮನೆಗೆ ಕನಿಷ್ಠ ಎರಡು ವಾರ ಸಮಯ ಕೊಡುವುದು ಒಳ್ಳೆಯದು. ‘ಜೈನ್’ ಎಂದರೆ ಅಲ್ಲಿ ಅರ್ಥವಾಗುವುದಿಲ್ಲ, ಒಂದೊಂದೇ ಪದಾರ್ಥದ ಹೆಸರು ಬರೆಯಬೇಕು. ಜಪಾನಿ ಲಿಪಿಯಲ್ಲಿ ಒಂದು ಚೀಟಿ ಮುದ್ರಿಸಿ ಮನೆಯ ಪ್ರತಿಯೊಬ್ಬರ ಕೈಗೂ ಕೊಡಬೇಕು. ಕೇಳಿದಾಗ ಗುರುತಿಸಲು ಈ ಹೆಸರುಗಳು ಉಪಯೋಗ:

ನಿಕು – ಮಾಂಸ. ಸಕಾನಾ – ಮೀನು. ತಮಾಗೊ – ಮೊಟ್ಟೆ. ಹಚಿಮಿತ್ಸು – ಜೇನು. ತಮಾನೆಗಿ – ಈರುಳ್ಳಿ. ನಿನ್ನಿಕು – ಬೆಳ್ಳುಳ್ಳಿ. ಜಗಾಇಮೊ – ಆಲೂಗಡ್ಡೆ. ನಿಂಜಿನ್ – ಕ್ಯಾರೆಟ್. ದೈಕೊನ್ – ಮೂಲಂಗಿ. ಸತೊಇಮೊ – ಕೆಸುವಿನ ಗಡ್ಡೆ. ರೆಂಕೊನ್ – ತಾವರೆ ಬೇರು. ಶೋಗಾ – ಶುಂಠಿ. ಕಿನೊಕೊ – ಅಣಬೆ.

ಅಂಗಡಿಯ ಪೊಟ್ಟಣಗಳ ಮೇಲೆ ಅಲರ್ಜಿ ಪದಾರ್ಥಗಳ ಪಟ್ಟಿ ಇರುತ್ತದೆ. ಅದರಲ್ಲಿ ಮೊಟ್ಟೆ, ಹಾಲು, ಸಿಗಡಿ ಇರುತ್ತವೆ, ಕತ್ಸುಒ ಮೀನು ಬರುವುದಿಲ್ಲ. ಆದ್ದರಿಂದ ಆ ಪಟ್ಟಿ ನಂಬದೆ ಪೂರ್ತಿ ಪದಾರ್ಥಗಳ ವಿವರವನ್ನು ಮೊಬೈಲಿನಲ್ಲಿ ಅನುವಾದಿಸಿ ಓದಬೇಕು.

ಚೀಲದಲ್ಲಿ ಇರಬೇಕಾದ್ದು

ವಿಮಾನದಲ್ಲಿ ಜೈನ ಊಟವನ್ನು ಟಿಕೆಟ್ ಮಾಡುವಾಗಲೇ ಹೇಳಬೇಕು. ಖಾಖ್ರಾ, ಚಟ್ನಿಪುಡಿ, ಹುರಿದ ಅವಲಕ್ಕಿಯಂಥ ಸಿದ್ಧ ಪದಾರ್ಥಗಳು ಸಾಕು. ಹಸಿ ಹಣ್ಣು, ತರಕಾರಿ, ಕರಿಬೇವು, ಅಕ್ಕಿ, ಬೇಳೆಗೆ ಅಲ್ಲಿ ಸಸ್ಯ ತಪಾಸಣೆಯ ಪ್ರಮಾಣಪತ್ರ ಕೇಳುತ್ತಾರೆ, ಒಯ್ಯದಿರುವುದೇ ಮೇಲು. ಅಲ್ಲಿನ ವಿದ್ಯುತ್ 100 ವೋಲ್ಟ್, ನಮ್ಮ ಕುಕ್ಕರ್, ಕೆಟಲ್ ಸರಿಯಾಗಿ ಕಾಯುವುದಿಲ್ಲ. ಮರದ ದೇಗುಲಗಳ ಕೋಣೆಯಲ್ಲಿ ಅಡುಗೆ ಮಾಡುವಂತೆಯೂ ಇಲ್ಲ. ಅಡುಗೆ ಬೇಕೆನ್ನುವವರು ಕ್ಯೋಟೊ, ಟೋಕಿಯೊಗಳಲ್ಲಿ ಅಡುಗೆಮನೆ ಇರುವ ವಸತಿ ಹಿಡಿಯಬೇಕು. 2023ರ ಅಕ್ಟೋಬರಿನಲ್ಲಿ 7 ದಿನದ ರೈಲು ಪಾಸ್ 50,000 ಯೆನ್‌ಗೆ ಏರಿತು, ಟೋಕಿಯೊ–ಕ್ಯೋಟೊ ಹೋಗಿ ಬರುವುದಷ್ಟೇ ಇದ್ದರೆ ಬಿಡಿ ಟಿಕೆಟ್ ಅಗ್ಗ.

ಮನೆಯಲ್ಲಿ ಎಲ್ಲರ ನಿಯಮವೂ ಒಂದೇ ಇರುವುದಿಲ್ಲ. ಅಜ್ಜಿಗೆ ಕಂದಮೂಲ, ರಾತ್ರಿಭೋಜನ ಎರಡೂ ತ್ಯಾಗ, ಮೊಮ್ಮಗನಿಗೆ ಅಷ್ಟಿಲ್ಲ. ದೇಗುಲಕ್ಕೆ ಬರೆಯುವಾಗ ಅತಿ ಕಟ್ಟುನಿಟ್ಟಾದವರ ನಿಯಮವನ್ನೇ ಎಲ್ಲರಿಗೂ ಎಂದು ಬರೆದರೆ ಅಡುಗೆಯವರಿಗೆ ಸುಲಭ, ತಟ್ಟೆ ಅದಲುಬದಲಾಗುವ ಭಯವೂ ಇಲ್ಲ. ನಾಲ್ಕು ದಿನ ಮೊಮ್ಮಗ ಅಜ್ಜಿಯ ನಿಯಮದಲ್ಲೇ ಉಂಡರೆ ಅವನಿಗೇನೂ ನಷ್ಟವಿಲ್ಲ. ಅಜ್ಜಿ ಮಾತ್ರ ನಿಶ್ಚಿಂತೆಯಿಂದ ಜೊತೆಗೆ ಬರಬಹುದು.